ಆಲದ ಮರದ ಕೆಳಗಿನ ಬ್ಯಾಂಕು: ಮಾರ್ಗಯ್ಯ ಸೋತದ್ದು ಯಾಕೆ?

ಓದುಗರ ಪ್ರಶ್ನೆ: ಆರ್.ಕೆ. ನಾರಾಯಣ್ ಅವರ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ ಕಾದಂಬರಿಯನ್ನು ಈಚೆಗೆ ಓದಿ ಮುಗಿಸಿದೆ. ಇದನ್ನು ವಿಡಂಬನೆಯ ಕೃತಿ ಎಂದು ಹೇಳುತ್ತಾರೆ. ಆದರೆ ಸಾಲದ ದಲ್ಲಾಳಿ ಮಾರ್ಗಯ್ಯನ ಮೇಲೆ ನನಗೆ ಒಂದು ಗಳಿಗೆಯೂ ಸಿಟ್ಟು ಬರಲಿಲ್ಲ. ಅವನು ದಿವಾಳಿಯಾದಾಗ ‘ಸರಿಯಾಯಿತು’ ಎಂದೂ ಅನ್ನಿಸಲಿಲ್ಲ. ಇದು ದುರಾಸೆಗೆ ತಕ್ಕ ಶಾಸ್ತಿ ಎನ್ನುವ ನೀತಿಕಥೆಯೋ, ಅಥವಾ ಬೇರೇನೋ? ನಾರಾಯಣ್ ಅವರ ಮನುಷ್ಯರು ಅಷ್ಟೆಲ್ಲ ಹಾರಾಡಿ ಕೊನೆಗೆ ಹೊರಟಲ್ಲಿಗೇ ಬಂದು ಕೂರುವುದು ಯಾಕೆ?

ಉತ್ತರ: ಸಿಟ್ಟು ನನಗೂ ಬರುವುದಿಲ್ಲ. ಈ ಪುಸ್ತಕವನ್ನು ಹಲವು ಸಲ ತರಗತಿಯಲ್ಲಿ ಪಾಠ ಮಾಡಿದ ಮೇಲೂ ಬಂದಿಲ್ಲ. ಇದು ನಿಮ್ಮ ಓದಿನ ದೋಷವಲ್ಲ. ಕಾದಂಬರಿಯ ಕಟ್ಟಡವೇ ಹಾಗಿದೆ. ವಿಡಂಬನೆ ಎಂದೊಡನೆ ನಮಗೆ ನೆನಪಾಗುವುದು ಚಾಟಿ, ಚುಚ್ಚು, ಕುಹಕ. ಆದರೆ ಸಂಸ್ಕೃತದಲ್ಲಿ ಆ ಮಾತಿನ ಮೂಲ ಅರ್ಥ ಅನುಕರಣೆ ಎಂಬುದನ್ನು ಇಲ್ಲಿ ನೆನೆಯುವುದು ಒಳ್ಳೆಯದು. ಇನ್ನೊಬ್ಬರ ಹಾಗೆ ನಟಿಸುವುದು, ವೇಷ ಹಾಕುವುದು, ಅಣಕಿಸುವುದು. ನಗೆ ಆ ಅಣಕದಿಂದ ಹುಟ್ಟಿದ್ದು. ಮಾರ್ಗಯ್ಯ ಈ ಮೂಲ ಅರ್ಥದ ವಿಡಂಬನೆಯ ಮನುಷ್ಯ: ಅವನು ಬ್ಯಾಂಕನ್ನು ಅಣಕಿಸುತ್ತಾನೆ, ಅದೂ ತಾನು ಅಣಕಿಸುತ್ತಿದ್ದೇನೆ ಎಂಬ ಅರಿವೇ ಇಲ್ಲದೆ, ಪೂರ್ಣ ಶ್ರದ್ಧೆಯಿಂದ. ಹೀಗೆ ಶ್ರದ್ಧೆಯಿಂದ ಅಣಕಿಸುವವನನ್ನು ನೋಡಿ ನಗು ಬರುತ್ತದೆ. ಸಿಟ್ಟು, ಬರುವುದಿದ್ದರೆ, ಅವನು ಅಣಕಿಸುತ್ತಿರುವ ಮೂಲದ ಮೇಲೆ ಬರಬೇಕು.

1952ರಲ್ಲಿ ಬಂದ ಈ ಕಾದಂಬರಿ ತೆರೆದುಕೊಳ್ಳುವ ಜಾಗವನ್ನು ಒಮ್ಮೆ ನಿಧಾನವಾಗಿ ನೋಡೋಣ. ಮಾಲ್ಗುಡಿಯ ಕೇಂದ್ರ ಸಹಕಾರಿ ಭೂ ಅಡಮಾನ ಬ್ಯಾಂಕು, ಅದರ ಎದುರಿಗೆ ಒಂದು ಆಲದ ಮರ, ಮರದ ಕೆಳಗೆ ಒಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಮಾರ್ಗಯ್ಯ. ಪೆಟ್ಟಿಗೆಯೊಳಗೆ ಬ್ಯಾಂಕಿನ ಖಾಲಿ ಅರ್ಜಿ ಫಾರಂಗಳು, ಮಸಿಕುಡಿಕೆ, ಲೇಖನಿ, ಒಂದು ಲೆಕ್ಕದ ಪುಸ್ತಕ. ಹಳ್ಳಿಗಳಿಂದ ಬರುವ ರೈತರಿಗೆ ಬ್ಯಾಂಕಿನ ಮೆಟ್ಟಿಲೆಂದರೆ ಅಳುಕು. ಮರದ ನೆರಳೆಂದರೆ ಅಳುಕಿಲ್ಲ. ಯಾರ ಹೆಸರಿನಲ್ಲಿ ಇನ್ನೂ ಸಾಲ ಹುಟ್ಟುತ್ತದೆ, ಯಾರ ಹಳೆಯ ಬಾಕಿಯನ್ನು ಯಾವ ಹೊಸ ಸಾಲದಿಂದ ತೀರಿಸಬಹುದು, ಸಾಲ ಬೇಡವಾದ ಷೇರುದಾರನ ಹೆಸರನ್ನು ಸಾಲ ಬೇಕಾದವನಿಗೆ ಹೇಗೆ ಹೊಂದಿಸಬಹುದು ಎಂಬುದೆಲ್ಲ ಮಾರ್ಗಯ್ಯನಿಗೆ ಬಾಯಿಪಾಠ. ದಾರಿ ತೋರಿಸುವವನಾದ್ದರಿಂದಲೇ ಅವನು ಮಾರ್ಗಯ್ಯ, ಹುಟ್ಟುಹೆಸರು ಬೇರೆ. ಇಂಗ್ಲಿಷ್ ಓದುಗರಿಗಾಗಿ ನಾರಾಯಣ್ ಆ ಹೆಸರನ್ನು ಬಿಡಿಸಿ ಅರ್ಥ ಹೇಳಬೇಕಾಯಿತು; ಕನ್ನಡದವರಿಗೆ ಹೆಸರು ಕಿವಿಗೆ ಬಿದ್ದೊಡನೆ ಅರ್ಥವೂ, ಅದರ ಹಿಂದಿನ ನಗುವೂ ತಾನಾಗಿ ಕೇಳಿಸುತ್ತದೆ.

ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವರನ್ನು ಕಂಡವರಿಗೆ ಈ ಚಿತ್ರ ಹೊಸದೇನಲ್ಲ. ನಾನು ಬೆಳೆದ ಊರಿನಲ್ಲಿ ಹೊಂಗೆಮರದ ಕೆಳಗೆ ಒಬ್ಬರು ಮಡಚುವ ಮೇಜು ಹಾಕಿ ಕೂರುತ್ತಿದ್ದರು. ಛಾಪಾ ಕಾಗದ ಅವರಲ್ಲೇ ಸಿಗುತ್ತಿತ್ತು, ಸಾಕ್ಷಿ ಹಾಕುವವನೂ ಅವರ ಪಕ್ಕದಲ್ಲೇ ಕೂತಿರುತ್ತಿದ್ದ. ಒಳಗಿನ ಗುಮಾಸ್ತರಿಗಿಂತ ಅವರಿಗೇ ಕಾನೂನು ಚೆನ್ನಾಗಿ ಗೊತ್ತು ಎಂದು ಊರವರೆಲ್ಲ ನಂಬಿದ್ದರು. ಈಗಲೂ ಮಾರ್ಚ್ ಕೊನೆಯ ವಾರದಲ್ಲಿ ನಮ್ಮ ಹಳ್ಳಿಗಳ ಕಡೆ ಹೋಗಿ ನೋಡಿ. ಸಹಕಾರ ಸಂಘದ ಬೆಳೆಸಾಲವನ್ನು ಗಡುವಿನೊಳಗೆ ತೀರಿಸಿದಂತೆ ತೋರಿಸಲು ನಾಲ್ಕು ದಿನದ ಮಟ್ಟಿಗೆ ಕೈಸಾಲ ತಂದು ಕಟ್ಟಿ, ಹೊಸ ಸಾಲ ಮಂಜೂರಾದೊಡನೆ ಆ ಕೈಸಾಲವನ್ನು ಬಡ್ಡಿಸಮೇತ ಹಿಂದಿರುಗಿಸುವ ರೈತರು ಸಿಗುತ್ತಾರೆ. ಅಸಲು ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಒಂದು ಸುತ್ತು ತಿರುಗುತ್ತದೆ. ಮಾರ್ಗಯ್ಯ ಮಾಡುತ್ತಿದ್ದ ಕೆಲಸದ ತಿರುಳೂ ಇದೇ.

ಈಗ ಎದುರುಗಡೆಯ ಕಟ್ಟಡಕ್ಕೆ ಬನ್ನಿ. ಇಡೀ ಪುಸ್ತಕದ ಅತ್ಯಂತ ಹರಿತವಾದ ವಿಡಂಬನೆ ಮಾರ್ಗಯ್ಯನ ಮೇಲೆ ಬೀಳದೆ ಈ ಕಟ್ಟಡದ ಮೇಲೆ ಬೀಳುತ್ತದೆ, ಅದೂ ಮೊದಲ ಪುಟಗಳಲ್ಲೇ. ಕಥೆಯ ಆತುರದಲ್ಲಿ ಹಲವರು ಅದನ್ನು ದಾಟಿ ಹೋಗುತ್ತಾರೆ. ಬ್ಯಾಂಕು 1914ರದ್ದು. ಸಹಕಾರ ಸಂಘಗಳ ಒಬ್ಬ ರಿಜಿಸ್ಟ್ರಾರರ ನೆನಪಿಗೆ ಕಟ್ಟಿದ್ದು. ಆ ಮಹಾಶಯ ಒಂದು ಕಡೆ ಹಳ್ಳಿಯ ರೈತರಿಗೂ ಇನ್ನೊಂದು ಕಡೆ ಸೆಕ್ರೆಟೇರಿಯಟ್ಟಿನ ಕಡತದ ಅಧಿಕಾರಿಗಳಿಗೂ ಸಹಕಾರ ತತ್ತ್ವವನ್ನು ವಿವರಿಸಿ ವಿವರಿಸಿ ದನಿಯನ್ನೇ ಕಳೆದುಕೊಂಡು, ಆ ನಿಷ್ಠೆಗಾಗಿ ‘ಸರ್’ ಪದವಿ ಪಡೆದವರು. ಗ್ರಾಮೀಣ ಋಣಭಾರವನ್ನು ಕುರಿತ ಒಂದು ಉಪಸಮಿತಿಯಲ್ಲಿ ಕೆಲಸ ಮಾಡುತ್ತಿರುವಾಗಲೇ ಅವರು ತೀರಿಕೊಂಡರಂತೆ. ಉಳಿತಾಯವನ್ನೆಲ್ಲ ಬ್ಯಾಂಕಿನ ಕಟ್ಟಡಕ್ಕೆ ಬಿಟ್ಟು ಹೋಗಿದ್ದರು. ಈಗ ಮೆಟ್ಟಿಲ ನಡುಗಟ್ಟೆಯಲ್ಲಿ ತೇಗದ ಚೌಕಟ್ಟಿನೊಳಗಿಂದ ಹೋಗಿಬರುವವರನ್ನೆಲ್ಲ ನೋಡುತ್ತಿದ್ದಾರೆ. ಅಷ್ಟೇ ಅಲ್ಲ, ಕಾಗದದ ಗುಂಡುಗಳು ಕಟಕಟ ಎನ್ನುವುದು, ಲೆಕ್ಕದ ಪುಸ್ತಕಗಳು ಹಾರುವುದು, ಯಾರೋ ಮೇಜು ಗುದ್ದುವ ಸದ್ದು ಕೇಳುವುದು, ಇವೆಲ್ಲ ಅವರ ಆತ್ಮದ ಕೆಲಸವೆಂದು ಜನ ಆಡಿಕೊಳ್ಳುತ್ತಾರೆ. ನಾರಾಯಣ್ ಇಲ್ಲಿ ಒಂದು ಬೈಗುಳವನ್ನೂ ಬಳಸಿಲ್ಲ, ದನಿ ಏರಿಸಿಲ್ಲ. ಸತ್ತ ಮೇಲೂ ಕಡತ ಬಿಡದ ಒಬ್ಬ ಸಜ್ಜನನ ದೆವ್ವವನ್ನು ತೋರಿಸಿ ಸುಮ್ಮನಾಗುತ್ತಾರೆ.

ಆ ಸಜ್ಜನಿಕೆ ಸುಳ್ಳಲ್ಲ ಎಂಬುದೂ ಮುಖ್ಯ. ಬ್ರಿಟಿಷ್ ಸರ್ಕಾರ ಸಹಕಾರ ಸಂಘಗಳ ಕಾಯ್ದೆ ತಂದದ್ದು 1904ರಲ್ಲಿ, ರೈತನನ್ನು ಲೇವಾದೇವಿಗಾರರ ಹಿಡಿತದಿಂದ ಬಿಡಿಸಬೇಕೆಂಬ ಉದ್ದೇಶದಿಂದಲೇ. ಮರುವರ್ಷವೇ ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಕನಸು ದೊಡ್ಡದು. ಆದರೆ ಕನಸಿಗೂ ರೈತನಿಗೂ ನಡುವೆ ಫಾರಂ ಬಂತು, ಷೇರು ಬಂತು, ಜಾಮೀನು ಬಂತು, ರುಜು ಬಂತು. ಆ ನಡುವಿನ ಜಾಗದಲ್ಲಿ ಒಂದು ಆಲದ ಮರ ಬೆಳೆಯಿತು. ಮಾರ್ಗಯ್ಯ ಬ್ಯಾಂಕಿಗೆ ಅಂಟಿದ ರೋಗ ಎಂದು ಕಾರ್ಯದರ್ಶಿ ತಿಳಿದಿದ್ದಾನೆ. ಅವನು ಬ್ಯಾಂಕಿನ ನೆರಳು ಎಂದು ಕಾದಂಬರಿಕಾರರು ತಿಳಿದಿದ್ದಾರೆ. ಕಟ್ಟಡ ಇರುವಷ್ಟು ಕಾಲ ನೆರಳೂ ಇರುತ್ತದೆ.

ಅವನ ಮಹತ್ವಾಕಾಂಕ್ಷೆ ಹುಟ್ಟುವುದೂ ಈ ಇಬ್ಬರ ಮುಖಾಮುಖಿಯಲ್ಲೇ. ಜವಾನ ಅರುಳ್‌ದಾಸನೂ ಅವನ ಹಿಂದೆ ಕಾರ್ಯದರ್ಶಿಯೂ ಮರದ ಕೆಳಗೆ ಬಂದು, ಬ್ಯಾಂಕಿನ ಫಾರಂಗಳು ನಿನ್ನ ಪೆಟ್ಟಿಗೆಯಲ್ಲೇಕೆ ಎಂದು ಗದರಿಸಿ ಅವನ್ನು ಎತ್ತಿಕೊಂಡು ಹೋಗುತ್ತಾರೆ. ಆಗಿನ ನಷ್ಟ ಒಂದಷ್ಟು ಕಾಗದ ಮಾತ್ರ. ಆದರೆ ಆ ದಿನ ಮಾರ್ಗಯ್ಯ ತನ್ನ ಬಟ್ಟೆಯನ್ನು, ತನ್ನ ಪೆಟ್ಟಿಗೆಯನ್ನು ಕಾರ್ಯದರ್ಶಿಯ ಕಣ್ಣಿನಿಂದ ನೋಡಿಕೊಳ್ಳುತ್ತಾನೆ, ಮತ್ತು ಆ ನೋಟದಿಂದ ಮುಂದೆಂದೂ ಬಿಡಿಸಿಕೊಳ್ಳಲಾರ. ಹಣವಿದ್ದರೆ ಹೀಗೆ ಮಾತಾಡುತ್ತಿದ್ದನೇ ಎಂಬ ಒಂದೇ ಲೆಕ್ಕ ಅವನ ತಲೆಯಲ್ಲಿ ಸುತ್ತತೊಡಗುತ್ತದೆ. ಇದಕ್ಕೆ ಹಿನ್ನೆಲೆಯಾಗಿ ಮನೆಯವರು ಬಾಯಿ ಬಿಡದ ಒಂದು ಗುಟ್ಟೂ ಇದೆ: ಅವನ ಹಿರಿಯರು ಹೆಣ ಹೊತ್ತು ಜೀವನ ಮಾಡಿದವರು. ಆ ಚಟ್ಟದ ನೆನಪಿನಿಂದ ಎಷ್ಟು ದೂರ ಓಡಿದರೂ ಸಾಲದು ಎಂಬ ಅವಸರ ಅವನದು. ದುರಾಸೆ ಎಂಬ ಮಾತು ಇಲ್ಲಿ ಸಾಲುವುದಿಲ್ಲ. ಅವಮಾನದ ಮೇಲೆ ಬಡ್ಡಿ ಬೆಳೆಯುತ್ತ ಹೋಗಿದೆ ಎನ್ನಬಹುದು.

ಬಡ್ಡಿ ಎಂದೆ. ಪುಸ್ತಕದ ಹೃದಯವೇ ಅದು. ದುಡಿಯುವ ಯಾವ ಪೆದ್ದನೂ ಹಣ ಸೇರಿಸಬಲ್ಲ, ಸಂಪತ್ತು ಮಾತ್ರ ವಿಶೇಷ ವರಪ್ರಸಾದ ಎಂಬ ಅರ್ಥದ ವಿಚಾರಗಳು ಮಾರ್ಗಯ್ಯನ ತಲೆಯಲ್ಲಿ ಹರಿದಾಡುತ್ತವೆ. ಬಡ್ಡಿಯ ವಿಷಯವಾಗಿ ಈ ದೇಶದಲ್ಲಿ ಅವನಷ್ಟು ಧ್ಯಾನ ಮಾಡಿದವರು ಇನ್ನೊಬ್ಬರಿರಲಾರರು ಎಂದು ನಿರೂಪಕ ಗಂಭೀರವಾಗಿ ಹೇಳುತ್ತಾನೆ. ನೂರು ರೂಪಾಯಿ ರಾತ್ರಿ ಮಲಗಿ ಬೆಳಗಾಗುವಷ್ಟರಲ್ಲಿ ತುಸು ಬೆಳೆದಿರುವುದು ಅವನಿಗೆ ಬೀಜ ಮೊಳೆಯುವಷ್ಟೇ, ಮಗು ಹುಟ್ಟುವಷ್ಟೇ ದೊಡ್ಡ ಸೃಷ್ಟಿರಹಸ್ಯ. ಸಾಲ ಕೊಳ್ಳುವಾಗ ಹಾಲೋಗರ ಉಂಡಂತೆ ಎಂದು ಸರ್ವಜ್ಞ ಹೇಳಿದ್ದು ಸಾಲಗಾರನ ನಾಲಿಗೆಯ ಮಾತು. ಸಾಲ ಕೊಡುವವನ ಭಕ್ತಿಯನ್ನು ಇಷ್ಟು ಒಳಗಿನಿಂದ ತೋರಿಸಿದವರು ವಿರಳ. ನಮಗೆ ಸಿಟ್ಟು ಬರದಿರುವುದಕ್ಕೆ ಇದೇ ಮೊದಲ ಕಾರಣವಿರಬೇಕು. ಲೋಭಿಗೆ ಹಣ ಕೂಡಿಡುವ ಆಸೆ. ಮಾರ್ಗಯ್ಯನಿಗೆ ಹಣ ಬೆಳೆಯುವುದನ್ನು ಕಣ್ಣಾರೆ ನೋಡುವ ಆಸೆ, ಮತ್ತು ಅದು ಬೆರಗಿನಿಂದ ಹುಟ್ಟಿದ್ದು.

ಮುಂದಿನದು ನಿಮಗೆ ಗೊತ್ತಿದೆ, ಬೇಗ ಹೇಳಿ ಮುಗಿಸುತ್ತೇನೆ. ಮುದ್ದಿನ ಮಗ ಬಾಲು ಲೆಕ್ಕದ ಪುಸ್ತಕವನ್ನು ಚರಂಡಿಗೆ ಎಸೆಯುತ್ತಾನೆ. ಅದರೊಂದಿಗೆ ಮರದ ಕೆಳಗಿನ ವ್ಯಾಪಾರವೂ ಮುಳುಗುತ್ತದೆ. ದೇವಸ್ಥಾನದ ಅರ್ಚಕರು ಹೇಳಿಕೊಟ್ಟಂತೆ ಮಾರ್ಗಯ್ಯ 40 ದಿನ ಲಕ್ಷ್ಮಿಯ ಪೂಜೆ ಹಿಡಿಯುತ್ತಾನೆ. ಪೂಜೆಗೆ ಕೆಂದಾವರೆ ಹುಡುಕುತ್ತ ಹೋದವನಿಗೆ ಕೊಳದ ಬಳಿ ಡಾ. ಪಾಲ್ ಎಂಬಾತ ಸಿಗುತ್ತಾನೆ. ದಾಂಪತ್ಯದ ಶಯನರಹಸ್ಯಗಳನ್ನು ಕುರಿತ ಒಂದು ಹಸ್ತಪ್ರತಿಯನ್ನು ಜೇಬಿನಲ್ಲಿದ್ದಷ್ಟು ಹಣಕ್ಕೆ ಮಾರ್ಗಯ್ಯನಿಗೆ ಕೊಟ್ಟುಬಿಡುತ್ತಾನೆ. ಮುದ್ರಕ ಮದನ್‌ಲಾಲ್ ಅದಕ್ಕೆ ‘ಗೃಹ ಸಾಮರಸ್ಯ’ ಎಂಬರ್ಥದ ಸಭ್ಯ ಹೆಸರಿಟ್ಟು ಅಚ್ಚು ಹಾಕುತ್ತಾನೆ. ಪುಸ್ತಕ ಕೈಯಿಂದ ಕೈಗೆ ಓಡುತ್ತದೆ, ಹಣ ಸುರಿಯುತ್ತದೆ. ಲಕ್ಷ್ಮಿ ಬಂದಳು, ಆದರೆ ಬಂದ ಬಾಗಿಲು ಯಾವುದೆಂದು ಯಾರಿಗೂ ಹೇಳುವಂತಿಲ್ಲ. ಹಣ ಸೇರಿದ ಮೇಲೆ ಮಾರ್ಗಯ್ಯ ಮೊದಲು ಮಾಡುವ ಕೆಲಸವೆಂದರೆ ಆ ಪುಸ್ತಕದಲ್ಲಿನ ಪಾಲನ್ನು ಬಿಟ್ಟುಕೊಟ್ಟು ಗೌರವಸ್ಥನಾಗುವುದು. ಮಗ ಓದುವ ಶಾಲೆಯ ಆಡಳಿತ ಮಂಡಳಿಗೆ ತಾನೇ ಕಾರ್ಯದರ್ಶಿಯಾಗುತ್ತಾನೆ. ಆ ಪದವಿಯ ಹೆಸರನ್ನು ಗಮನಿಸಿ. ಮರದ ಕೆಳಗೆ ತನ್ನನ್ನು ಗದರಿಸಿದವನ ಹುದ್ದೆಯ ಹೆಸರೂ ಅದೇ.

ಅಣಕ ಇಲ್ಲಿ ಪೂರ್ಣವಾಗುತ್ತದೆ; ಸೋಲು ಶುರುವಾಗುವುದೂ ಇಲ್ಲಿಂದಲೇ. ಲಕ್ಷ್ಮಿ ಒಲಿದ ಕಡೆ ಸರಸ್ವತಿಗೆ ಮುನಿಸು ಎಂದು ಅರ್ಚಕರು ಮೊದಲೇ ಎಚ್ಚರಿಸಿದ್ದರು. ಶಾಲೆಯನ್ನೇ ಕೈಯಲ್ಲಿ ಹಿಡಿದವನ ಮಗ ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗುತ್ತಾನೆ, ಜಗಳವಾಡಿ ಮದ್ರಾಸಿಗೆ ಓಡುತ್ತಾನೆ. ಅವನು ಸತ್ತನೆಂದು ಒಂದು ಕಾಗದ ಬರುತ್ತದೆ. ಮನೆಯಲ್ಲಿ ಗೋಳು. ಮದ್ರಾಸಿಗೆ ಹೋಗಿ ವಿಚಾರಿಸಿದರೆ ಆ ಕಾಗದ ಬರೆದವನು ಕಂಡಕಂಡವರಿಗೆ ಸಾವಿನ ಸುದ್ದಿ ಕಳಿಸುವ ಹುಚ್ಚ, ಬಾಲು ಜೀವಂತ. ನಗಬೇಕೋ ಅಳಬೇಕೋ ತಿಳಿಯದ ಈ ಪ್ರಕರಣವನ್ನು ನಾರಾಯಣ್ ಒಂದೇ ಸಮನಾದ ದನಿಯಲ್ಲಿ ಹೇಳುತ್ತಾರೆ. ಮಹಾಯುದ್ಧದ ಕಾಲಕ್ಕೆ ಮಾರ್ಗಯ್ಯ ನಿಜಕ್ಕೂ ಬ್ಯಾಂಕರ್ ಆಗುತ್ತಾನೆ. ಅದೇ ಪಾಲ್‌ನ ಬಾಯಿಬಲದಿಂದ ಕಾಳಸಂತೆಯ ದುಡ್ಡೆಲ್ಲ ಶೇಕಡ 20ರ ಬಡ್ಡಿಯ ಆಸೆಗೆ ಠೇವಣಿಯಾಗಿ ಅವನಲ್ಲಿಗೆ ಬರುತ್ತದೆ.

ಇಲ್ಲಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಯಾಕೆಂದರೆ ಸೋಲಿನ ಕಾರಣ ನೀತಿಯಲ್ಲಿದೆಯೋ ಗಣಿತದಲ್ಲಿದೆಯೋ ಎಂಬುದು ಇದರಿಂದಲೇ ಗೊತ್ತಾಗುವುದು. ಕೆಳಗಿನ ಅಂಕಿಗಳು ನನ್ನವು, ಕಾದಂಬರಿಯದಲ್ಲ. ನೂರು ಮಂದಿ ತಲಾ 100 ರೂಪಾಯಿ ಇಟ್ಟರೆ ಕೈಗೆ ಬರುವುದು 10,000. ವರ್ಷಕ್ಕೆಂದೇ ಹಿಡಿದರೂ ಕೊಡಬೇಕಾದ ಬಡ್ಡಿ 2,000. ಅಷ್ಟು ದುಡಿಯುವ ಕಸುಬು ಕೈಯಲ್ಲಿಲ್ಲದಿದ್ದರೆ ಹೊಸದಾಗಿ 20 ಜನ ತಲಾ 100 ರೂಪಾಯಿ ತಂದಿಡಬೇಕು, ಆಮೇಲೆ ಆ 20 ಜನರ ಬಡ್ಡಿಗೆ ಇನ್ನೂ ನಾಲ್ವರು ಬರಬೇಕು, ಮೊದಲ ನೂರು ಮಂದಿಗೆ ಮುಂದಿನ ವರ್ಷವೂ ಕೊಡಬೇಕು. ಬಾಗಿಲಿಗೆ ಬರುವವರ ಸಾಲು ಕಡಿಯದಿರುವವರೆಗೆ ಎಲ್ಲವೂ ಸುಭಿಕ್ಷ. 1920ರಲ್ಲಿ ಬಾಸ್ಟನ್ನಿನಲ್ಲಿ ಚಾರ್ಲ್ಸ್ ಪೊಂಜಿ 45 ದಿನಕ್ಕೆ ಶೇಕಡ 50 ಕೊಡುತ್ತೇನೆಂದು ಮಾಡಿದ್ದೂ ಇದನ್ನೇ. ಇಂಥ ಸಂಸ್ಥೆಗಳ ಮುಚ್ಚಿದ ಶಟರ್ ಮುಂದೆ ಪಾಸ್‌ಬುಕ್ ಹಿಡಿದು ನಿಂತ ನಿವೃತ್ತರನ್ನು ಬೆಂಗಳೂರಿನ ಬೀದಿಗಳಲ್ಲಿ ನಾವೆಲ್ಲ ಕಂಡಿದ್ದೇವೆ. ಆದರೆ ಮಾರ್ಗಯ್ಯ ಪೊಂಜಿಯಂಥ ಮೋಸಗಾರನಲ್ಲ. ಅವನು ತನ್ನ ಲೆಕ್ಕವನ್ನು ತಾನೇ ನಂಬಿದವನು. ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸುವ ಆಲದ ಮರದ ವಿದ್ಯೆಯನ್ನೇ ಅವನು ಈಗ ತಲೆಕೆಳಗು ಮಾಡಿ ದೊಡ್ಡ ಪ್ರಮಾಣದಲ್ಲಿ ನಡೆಸುತ್ತಿದ್ದಾನೆ, ಅಷ್ಟೇ. ಆಗ ಸುತ್ತುತ್ತಿದ್ದದ್ದು ರೈತನ ಅಸಲು, ಈಗ ಠೇವಣಿದಾರನ ಅಸಲು.

ಮಗನನ್ನು ಹಾಳುಮಾಡಿದ ಸಿಟ್ಟಿಗೆ ಪಾಲ್‌ಗೆ ಚಪ್ಪಲಿಯಲ್ಲಿ ಹೊಡೆದದ್ದು ನೆಪವಾಗುತ್ತದೆ. ಪಾಲ್ ಪುಕಾರು ಹಬ್ಬಿಸುತ್ತಾನೆ, ಠೇವಣಿದಾರರು ಮನೆಗೆ ಮುತ್ತಿಗೆ ಹಾಕುತ್ತಾರೆ, ಇದ್ದದ್ದೆಲ್ಲ ಕೊಟ್ಟು ಬರಿಗೈಯಾದ ಮೇಲೂ ಜನ ಉಳಿದಿರುತ್ತಾರೆ. ಇದು ಶಾಸ್ತಿಯೇ ಎಂದು ಕೇಳಿದಿರಿ. ಶಾಸ್ತಿಯಾಗಿದ್ದರೆ ಪಾಲ್‌ಗೂ ಏನಾದರೂ ಆಗಬೇಕಿತ್ತು. ಸಹಕಾರಿ ಬ್ಯಾಂಕಿನ ಕಾರ್ಯದರ್ಶಿಯೂ ಸುರಕ್ಷಿತ, ತೇಗದ ಚೌಕಟ್ಟಿನ ಸರ್ ಮಹಾಶಯರೂ ಸುರಕ್ಷಿತ. ಸತ್ಯಕ್ಕೆ ಜಯ, ಸುಳ್ಳಿಗೆ ಸೋಲು ಎಂಬ ತೂಕ ಈ ತಕ್ಕಡಿಯಲ್ಲಿಲ್ಲ. ಇರುವುದು ಅಸಲಿಗೂ ಅಣಕಕ್ಕೂ ಇರುವ ಅಂತರ ಮಾತ್ರ. ಅಸಲಿ ಬ್ಯಾಂಕಿನ ಬೆನ್ನಿಗೆ ಕಟ್ಟಡ, ಕಾಯ್ದೆ, ರಿಜಿಸ್ಟ್ರಾರರ ದೆವ್ವ ಎಲ್ಲ ಇವೆ. ಮಾರ್ಗಯ್ಯನ ಬ್ಯಾಂಕಿಗೆ ಮಾರ್ಗಯ್ಯ ಒಬ್ಬನೇ.

ಹೊರಟಲ್ಲಿಗೇ ಬಂದು ಕೂರುವುದು ಯಾಕೆ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಬಹಳ ಪ್ರಸಿದ್ಧವಾದ ಒಂದು ಉತ್ತರವಿದೆ. ಅದನ್ನು ಕೊಟ್ಟವರು ವಿ.ಎಸ್. ನೈಪಾಲ್. ಭಾರತವನ್ನು ಗಾಯಗೊಂಡ ನಾಗರಿಕತೆ ಎಂದು ಕರೆದ ತಮ್ಮ 1977ರ ಪುಸ್ತಕದಲ್ಲಿ ಅವರು ನಾರಾಯಣ್ ಅವರ ‘ಮಿಸ್ಟರ್ ಸಂಪತ್’ (1949) ಕಾದಂಬರಿಯನ್ನು ಮತ್ತೆ ಓದುತ್ತಾ, ಇದು ಕರ್ಮವನ್ನು ನಂಬಿ ಕೈಕಟ್ಟಿ ಕೂರುವ ಹಿಂದೂ ನಿರ್ಲಿಪ್ತತೆಯ ಕಥೆ, ಲೋಕದಲ್ಲಿ ಏನು ನಡೆದರೂ ಕೊನೆಗೆ ಎಲ್ಲವೂ ಸಮತೋಲಕ್ಕೆ ಮರಳುತ್ತದೆ ಎಂಬ ಸಮಾಧಾನದ ಕಥೆ ಎಂದು ವಾದಿಸುತ್ತಾರೆ. ‘ಸಂಪತ್’ನ ಸಂಪಾದಕ ಶ್ರೀನಿವಾಸನ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಅದನ್ನೇ ಎಲ್ಲ ಕಾದಂಬರಿಗಳಿಗೂ ಹೊದಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಒಂದೊಂದು ಸೋಲಿನ ಬಣ್ಣವೂ ಬೇರೆ. ‘ಗೈಡ್’ನ (1958) ರಾಜು ಕಳ್ಳಸಹಿ ಮಾಡಿ ಜೈಲಿಗೆ ಹೋಗಿ, ಬಿಡುಗಡೆಯಾದ ಮೇಲೆ ಜನ ತೊಡಿಸಿದ ಸಾಧುವೇಷದಲ್ಲೇ ಸಿಕ್ಕಿಬೀಳುತ್ತಾನೆ. ‘ದಿ ವೆಂಡರ್ ಆಫ್ ಸ್ವೀಟ್ಸ್’ನ (1967) ಜಗನ್ ವಾನಪ್ರಸ್ಥಕ್ಕೆ ಹೊರಡುತ್ತಾನೆ, ಆದರೆ ಚೆಕ್‌ಬುಕ್ ಮರೆಯುವುದಿಲ್ಲ. ಆ ಚೆಕ್‌ಬುಕ್ಕನ್ನು ಕಂಡ ಮೇಲೂ ನಾರಾಯಣ್ ಅವರನ್ನು ನಿರ್ಲಿಪ್ತರೆನ್ನುವುದು ಕಷ್ಟ.

ಸೋಲು ಅವರಿಗೆ ತತ್ತ್ವವಾಗಿ ಬಂದದ್ದಲ್ಲ ಎಂಬುದಕ್ಕೆ ಅವರ ಬದುಕೇ ಸಾಕ್ಷಿ. ತಂದೆ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಮಗ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ನಪಾಸು. ಮುಂದೆ ಇಂಗ್ಲಿಷ್ ಬರಹಕ್ಕಾಗಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ (1960) ಪಡೆದ ಮೊದಲಿಗರು ಇವರೇ ಎಂಬುದನ್ನು ನೆನೆದರೆ ಆ ನಪಾಸಿಗೆ ಒಂದು ಕಳೆ ಬರುತ್ತದೆ. ಆ ಬಿಡುವಿನ ವರ್ಷ ಕುಕ್ಕರಹಳ್ಳಿ ಕೆರೆಯ ಸುತ್ತ ಅಲೆದು ಓದಿದ್ದು, ಚನ್ನಪಟ್ಟಣದ ಶಾಲೆಯಲ್ಲಿ ಮೇಷ್ಟರ ಕೆಲಸ ಸೇರಿ ಕೆಲವೇ ದಿನಕ್ಕೆ ಬಿಟ್ಟು ಬಂದದ್ದು, 1941ರಲ್ಲಿ ಮೈಸೂರಿನಿಂದ ‘ಇಂಡಿಯನ್ ಥಾಟ್’ ಎಂಬ ಪತ್ರಿಕೆ ಹೊರಡಿಸಿ ಬೇಗನೆ ನಿಲ್ಲಿಸಿದ್ದು, ಇವೆಲ್ಲ ಅವರ ಆತ್ಮಕಥೆಯಲ್ಲಿವೆ. ಆ ಪತ್ರಿಕೆಯನ್ನು ಅಚ್ಚು ಹಾಕುತ್ತಿದ್ದ ಮೈಸೂರಿನ ಮುದ್ರಕರೇ ಸಂಪತ್‌ಗೆ ಮೂಲ. ಪತ್ರಿಕೆ ನಿಂತ ಮೇಲೆ ಆ ಹೆಸರನ್ನು ಅವರು ಬಿಸಾಡಲಿಲ್ಲ. ತಮ್ಮದೇ ಪ್ರಕಾಶನ ಸಂಸ್ಥೆಗೆ ಅದೇ ಹೆಸರಿಟ್ಟು ಮೈಸೂರಿನಿಂದ ಪುಸ್ತಕಗಳನ್ನು ಹೊರತಂದರು. ಮುಳುಗಿದ ವ್ಯಾಪಾರದ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟುಕೊಂಡು ಬೇಕಾದಾಗ ಇಳಿಸುವ ಬುದ್ಧಿ ಇದು.

ಈ ಮಾತನ್ನು ಹಿಡಿದು ಕೊನೆಯ ಪುಟವನ್ನು ಇನ್ನೊಮ್ಮೆ ಓದಿ. ಟಿ.ಎಸ್. ನಾಗಾಭರಣ ಅವರ ‘ಬ್ಯಾಂಕರ್ ಮಾರ್ಗಯ್ಯ’ (1983) ಚಿತ್ರವನ್ನು ನೀವು ನೋಡಿದ್ದರೆ ಲೋಕೇಶ್ ಅವರ ಮುಖವೇ ಕಣ್ಣಮುಂದೆ ಬರಬಹುದು, ನನಗಂತೂ ಹಾಗೇ ಆಗುತ್ತದೆ. ಆದರೂ ಪುಸ್ತಕದ ಮಾತುಗಳನ್ನೇ ನೋಡಿ. ಎಲ್ಲ ಕಳೆದುಕೊಂಡ ಮನೆಗೆ ಬಾಲು ಹೆಂಡತಿ ಮಗುವಿನೊಂದಿಗೆ ಬಂದಿದ್ದಾನೆ. ಮಾರ್ಗಯ್ಯ ಅವನಿಗೆ ಉಪದೇಶ ಮಾಡುವುದಿಲ್ಲ, ಹಣೆಬರಹ ಎಂದು ನಿಟ್ಟುಸಿರೂ ಬಿಡುವುದಿಲ್ಲ. ಹಳೆಯ ತಗಡಿನ ಪೆಟ್ಟಿಗೆಯನ್ನು ತೋರಿಸಿ, ಇದನ್ನು ತೆಗೆದುಕೊಂಡು ಹೋಗಿ ಆ ಆಲದ ಮರದ ಕೆಳಗೆ ಕೂತುಕೋ, ದಾರಿ ತಾನಾಗಿ ತೆರೆಯುತ್ತದೆ ಎನ್ನುತ್ತಾನೆ. ನೋಡಿದವರು ಏನೆಂದಾರು ಎಂದು ಮಗ ಹಿಂಜರಿಯುತ್ತಾನೆ. ಕಾರ್ಯದರ್ಶಿಯ ಕಣ್ಣು ಈಗ ಮಗನಿಗೆ ದಾಟಿದೆ. ಅಪ್ಪನಿಂದ ಅವನಿಗೆ ಉಳಿದ ಆಸ್ತಿ ಅದೊಂದೇ ಎನ್ನಬೇಕು. ಹಾಗಾದರೆ ಮೈ ಸರಿಹೋದೊಡನೆ ನಾನೇ ಹೋಗುತ್ತೇನೆ ಎಂದು ಮಾರ್ಗಯ್ಯ ಹೇಳುತ್ತಾನೆ. ಇಡೀ ಪುಸ್ತಕದಲ್ಲಿ ಆ ಕಣ್ಣಿನ ಹಂಗಿಲ್ಲದೆ ಅವನು ಆಡುವ ಮಾತು ಇದು. ಇಲ್ಲಿ ವೈರಾಗ್ಯವಿಲ್ಲ. ನಾಳೆ ಮರದ ಕೆಳಗೆ ಬರುವ ರೈತನಿಗೆ ಸಾಲ ಹುಟ್ಟಿಸಬೇಕಾದ ಮನುಷ್ಯನ ಮಾತು ಇದು.

ಆಮೇಲೆ ಅವನು ಮೊಮ್ಮಗನನ್ನು ಕರೆತನ್ನಿ ಎನ್ನುತ್ತಾನೆ, ಮಗುವಿಲ್ಲದೆ ಮನೆ ಬಿಕೋ ಎನ್ನುತ್ತಿತ್ತಂತೆ, ಅದರೊಡನೆ ಆಡಬೇಕಂತೆ. ಲೆಕ್ಕದ ಪುಸ್ತಕವನ್ನು ಚರಂಡಿಗೆ ಎಸೆಯುವ ವಯಸ್ಸಿಗೆ ಆ ಮಗು ಇನ್ನೂ ಬಂದಿಲ್ಲ.